ಒಂಬತ್ತು ದಿನ ತಡವಾದ ಬದನೆ ಬೀಜ

ನನ್ನ ಅಕ್ಕ ಶಾಂತವ್ವ ಜೀವಮಾನದಲ್ಲಿ ಮೊದಲ ಸಲ ಬದನೆ ಅಗಿಯನ್ನು ದುಡ್ಡು ಕೊಟ್ಟು ಕೊಂಡಳು. ಮೂರು ವಾರದ ಹಿಂದೆ, ಜಮಖಂಡಿ ಹೊರಗಿನ ಒಂದು ನರ್ಸರಿಯಲ್ಲಿ. ಎರಡು ಟ್ರೇ ಸಸಿ. ಟ್ರೇ ಹಿಡಿದುಕೊಂಡು ಪಕ್ಕದಲ್ಲಿ ನಿಂತವನು ನಾನು.

ಅದರಲ್ಲೇನು, ಎಲ್ಲರೂ ಕೊಳ್ಳುತ್ತಾರೆ ಅಂತೀರಿ. ಕೊಳ್ಳಲಿ. ಆದರೆ ಮಿರಗದ ಮಳೆ ಹತ್ತಿರ ಬಂತೆಂದರೆ ಸುತ್ತಲಿನ ಹೊಲದ ಹೆಣ್ಣುಮಕ್ಕಳು ಬದನೆ ಬೀಜ ಕೇಳಿಕೊಂಡು ಬರುತ್ತಿದ್ದದ್ದು ನಮ್ಮಕ್ಕನ ಮನೆಗೆ. ಅಂಥವಳು ನರ್ಸರಿಯವನ ಮುಂದೆ ನಿಂತು, ಇದು ಮುಳ್ಳು ತೊಟ್ಟಿನ ಮುಳಗಾಯಿ ಹೌದಲ್ಲರಿ ಎಂದು ಎರಡೆರಡು ಸಲ ಕೇಳಿದಳು. ನಾನು ಬೇರೆ ಕಡೆ ನೋಡಿದೆ.

ಯಾಕೆ ನೋಡಿದೆ? ಹೇಳುತ್ತೇನೆ. ಈ ವಾರ ಬೇರೇನನ್ನೂ ಬರೆಯಲು ಮನಸ್ಸು ಒಪ್ಪುತ್ತಿಲ್ಲ.

ಅಕ್ಕ ಇರುವುದು ತೇರದಾಳದ ಆಚೆ, ಹೊಲದ ಮನೆಯಲ್ಲಿ. ಇಪ್ಪತ್ತು ಗುಂಟೆಯಲ್ಲಿ ಕಾಯಿಪಲ್ಲೆ ಬೆಳೆದು ಸಂತೆಗೆ ಒಯ್ಯುತ್ತಾಳೆ. ಬದನೆ ಬೀಜ ಅವಳ ಅತ್ತೆಯಿಂದ ಬಂದದ್ದು. ಪ್ರತಿ ವರ್ಷ ಒಳ್ಳೆಯ ಗಿಡ ನೋಡಿ, ಅದರ ಒಂದು ಕಾಯಿಗೆ ಕೆಂಪು ನೂಲು ಕಟ್ಟುತ್ತಾಳೆ. ಇದನ್ನು ಯಾರೂ ಹರಿಯಬಾರದು ಎಂಬ ಗುರುತು. (ನೂಲು ನಮ್ಮ ಮನೆಯದು. ಬನಹಟ್ಟಿ ನೇಕಾರರ ಮಗಳಲ್ಲವೇ.) ಕಾಯಿ ಹಳದಿಯಾಗಿ ಹಣ್ಣಾದ ಮೇಲೆ ಬೀಜ ತೆಗೆದು, ಬೂದಿಯಲ್ಲಿ ಹೊರಳಿಸಿ, ಒಣಗಿಸಿ ಗಂಟು ಕಟ್ಟಿಡುತ್ತಾಳೆ.

ಅವಳ ಲೆಕ್ಕ ಹಿಂದಿನಿಂದ ಶುರುವಾಗುತ್ತದೆ. ಬೀಜ ಯಾವತ್ತು ಹಾಕಬೇಕು ಎಂದು ಮೊದಲು ಕೇಳುವುದಿಲ್ಲ. ಅಗಿ ಹೊಲಕ್ಕೆ ಯಾವತ್ತು ಹೋಗಬೇಕು ಎಂದು ಕೇಳುತ್ತಾಳೆ. ಆರಿದ್ರ ಮಳೆ ಕೂಡಿದ ನಾಲ್ಕನೇ ದಿನ ಹಚ್ಚಬೇಕೇ? ಹಾಗಾದರೆ ಬೆರಳು ಮಡಚುತ್ತ ಮೂವತ್ತೈದು ದಿನ ಹಿಂದಕ್ಕೆ ಬಾ. ಅವತ್ತು ಬೀಜ. ಅದಕ್ಕಿಂತ ಮೊದಲು ಕಿತ್ತರೆ ದಂಟು ಎಳಸು. ಬಹಳ ದಿನ ಬಿಟ್ಟರೆ ಮಡಿಯಲ್ಲೇ ಮುದಿಯಾಗುತ್ತದೆ. ಕೊನೆಯ ವಾರ ನೀರು ಕಡಿಮೆ ಮಾಡಿ ಬಿಸಿಲಿಗೆ ಬಿಡಬೇಕು, ಹೊರಗಿನ ಗಾಳಿ ರೂಢಿಯಾಗಲಿ ಅಂತ.

ಹೋದ ವರ್ಷ ಅವಳ ಮಗಳಿಗೆ ಡಾಕ್ಟರು ಹೆರಿಗೆಯವರೆಗೂ ಮಲಗಿಯೇ ಇರಬೇಕು ಅಂದರು. ಅಕ್ಕ ಮಗಳ ಮನೆಗೆ, ಜಮಖಂಡಿಗೆ ಹೋಗಲೇಬೇಕಾಯಿತು. ಹೋಗುವಾಗ ಬನಹಟ್ಟಿಯಲ್ಲಿ ಇಳಿದು, ಬೀಜದ ಗಂಟು ನನ್ನ ಕೈಗಿಟ್ಟಳು. ಸೋಮವಾರ ನಿನ್ನ ಹಿತ್ತಲದಲ್ಲಿ ಹಾಕು, ಹಚ್ಚುವ ದಿನಕ್ಕೆ ನಾಲ್ಕು ಹೆಣ್ಣಾಳು ಹೇಳಿ ಬಂದಿದ್ದೇನೆ ಅಂದಳು. (ಭಾವನ ಕೈಗೆ ಕೊಟ್ಟರೆ ಮರೆಯುತ್ತಾನಂತೆ. ಮರೆಯದವನು ಅಂತ ನನಗೆ.)

ನಾನು ಮರೆಯಲಿಲ್ಲ. ಅದೇ ನನ್ನನ್ನು ಚುಚ್ಚುವುದು.

ನಾನು ಪವರ್‌ಲೂಮ್ ನಡೆಸುವವನು. ನಮ್ಮ ಓಣಿಯಲ್ಲಿ ದಿನ ಎಣಿಸುವುದು ಕ್ಯಾಲೆಂಡರಿನಿಂದಲ್ಲ, ಬೀಮಿನಿಂದ. ಹಾಸಿನ ನೂಲು ಸುತ್ತಿದ ಉರುಳೆಯೇ ಬೀಮು. ಒಂದು ಬೀಮು ನೇಯ್ದು ಮುಗಿಸಲು ಇಷ್ಟು ದಿನ ಎಂಬ ಅಂದಾಜು ಎಲ್ಲರಿಗೂ ಇರುತ್ತದೆ. ಬೀಗರ ಊರಿಗೆ ಯಾವಾಗ ಹೋಗುತ್ತೀ ಎಂದು ಕೇಳಿ, ಈ ಬೀಮು ಇಳಿಯಲಿ ಅನ್ನುತ್ತೇವೆ. ಹಲ್ಲು ಕೀಳಿಸುವುದು ಯಾವಾಗ? ಇನ್ನೊಂದು ಬೀಮಾಗಲಿ.

ನನ್ನ ಮಗ್ಗದ ಮೇಲಿದ್ದ ಬೀಮು ಭಾನುವಾರ ಮುಗಿಯುವುದಿತ್ತು. ಮುಗಿದರೆ ಸೋಮವಾರ ಹೊಸ ಬೀಮಿನ ಎಳೆ ಜೋಡಿಸುವವರು ಬರುತ್ತಾರೆ, ಮಗ್ಗ ನಿಂತಿರುತ್ತದೆ, ನನಗೆ ಬಿಡುವು. ಛಲೋ ಆತು ಅಂದುಕೊಂಡು ಬೀಜದ ಗಂಟನ್ನು ಮಗ್ಗದ ಪಕ್ಕದ ಮೊಳೆಗೆ ತೂಗಿ ಹಾಕಿದೆ.

ಆ ವಾರವೇ ಕರೆಂಟು ಕೈಕೊಟ್ಟಿತು. ಲೈನ್ ರಿಪೇರಿ ಅಂತ ದಿನಕ್ಕೆ ಮೂರು ತಾಸೂ ಇರುತ್ತಿರಲಿಲ್ಲ. ಬೀಮು ಇಳಿಯಲೊಲ್ಲದು. ಕರೆಂಟಿಲ್ಲದೆ ಖಾಲಿ ಕೂತ ಹೊತ್ತಿನಲ್ಲಿ ಹಿತ್ತಲಕ್ಕೆ ಹೋಗಿ ಬೀಜ ಹಾಕಬಹುದಿತ್ತಲ್ಲ? ಬಹುದಿತ್ತು. ಈಗ ಬಂದೀತು, ಈಗ ಬಂದೀತು ಅಂತ ಮಗ್ಗದ ಮುಂದೆಯೇ ಕೂತೆ. ಗಂಟು ಕಣ್ಣೆದುರೇ ತೂಗುತ್ತಿತ್ತು.

ಮಂಗಳವಾರ ಅಕ್ಕನ ಫೋನು. "ಹಾಕಿದೇನ ಬೀಜಾ?"

"ನಿನ್ನೆನ ಹಾಕೇನಿ ಯಕ್ಕಾ," ಅಂದುಬಿಟ್ಟೆ.

ಬೈಯುತ್ತಾಳೆಂದು ಹೆದರಿ ಅಂದದ್ದಲ್ಲ. ಮಗಳ ಚಿಂತೆಯಲ್ಲಿದ್ದಾಳೆ, ನಾಳೆ ಹೇಗೂ ಹಾಕುತ್ತೇನಲ್ಲ ಅಂತ ಅಂದದ್ದು. ಆಮೇಲೆ ಎರಡು ದಿನಕ್ಕೊಮ್ಮೆ ಫೋನು. ಮೊಳಕೆ ಒಡೆಯಿತೇ? ಒಡೆಯಿತು ಅಂದೆ. ಎರಡೆಲೆ ಬಂತೇ? ಈಗ ಕಾಣುತ್ತಿದೆ ಅಂದೆ. ಫೋನಿನಲ್ಲಿ ಅಗಿ ಬಹಳ ಚೆನ್ನಾಗಿ ಬೆಳೆಯುತ್ತಿತ್ತು. ಬೀಜ ಇನ್ನೂ ಮೊಳೆಯಲ್ಲೇ ಇತ್ತು.

ಬೀಮು ಇಳಿದದ್ದು ಒಂಬತ್ತು ದಿನ ತಡವಾಗಿ. ಮರುದಿನವೇ ಬೀಜ ಹಾಕಿದೆ. ಕಳೆದ ದಿನ ತುಂಬಿಸಲು ಯೂರಿಯಾ ಜಾಸ್ತಿ ಕೊಟ್ಟೆ, ಎರಡು ಹೊತ್ತು ನೀರು ಹಾಕಿದೆ, ಬಾಡದಿರಲಿ ಅಂತ ನೆರಳು ಮಾಡಿದೆ. ಉದ್ದವೇನೋ ಆದವು. ದಂಟು ಮಾತ್ರ ನಮ್ಮ ನೂಲಿನ ಹಾಗೆ.

ಮೊಮ್ಮಗಳು ಹುಟ್ಟಿ, ಅಕ್ಕ ಹಚ್ಚುವ ದಿನಕ್ಕೆ ಸರಿಯಾಗಿ ಬಂದಳು. ಅಗಿ ನೋಡಿ, ದಂಟು ಮುಟ್ಟಿ, ಬುಟ್ಟಿಗೆ ತುಂಬಿ ಹೊಲಕ್ಕೆ ಒಯ್ದಳು. ಆಳು ಬಂದಿದ್ದರು, ಹಚ್ಚಿದರು. ಎರಡು ಜೋರು ಮಳೆ, ಆಮೇಲೆ ನಾಲ್ಕು ದಿನ ಬಿಸಿಲು. ಮೂರರಲ್ಲಿ ಎರಡು ಪಾಲು ಮಲಗಿದವು. ಉಳಿದವೂ ನೆಟ್ಟಗೆ ಕಾಯಿ ಬಿಡಲಿಲ್ಲ.

ನನ್ನನ್ನು ಏನಾದರೂ ಅನ್ನುತ್ತಾಳೆ ಅಂತ ಕಾದೆ. ಒಂದು ಸತ್ತ ಅಗಿಯನ್ನು ಕಿತ್ತು ಬೇರು ನೋಡಿ, "ಬೀಜಕ್ಕ ಮುಪ್ಪ ಬಂದೈತಿ ತಮ್ಮಾ. ನನ್ನ ಕೈಗೂ ಬಂದಿರಬೇಕ," ಅಂದಳು.

ಆಗಲಾದರೂ ಹೇಳಬೇಕಿತ್ತಲ್ಲ? ಹೇಳಲಿಲ್ಲ. ಇಡೀ ವರ್ಷ ಹೇಳಲಿಲ್ಲ. ಸಂತೆಯಲ್ಲಿ ಗಿರಾಕಿಗಳು ನಿನ್ನ ಮುಳಗಾಯಿ ಎಲ್ಲಿ ಅಂದರೆ, ನಮ್ಮ ಬೀಜ ಕೆಟ್ಟಿತು ಅನ್ನುತ್ತಿದ್ದಳಂತೆ. ಈ ಮಿರಗಕ್ಕೆ ಬೀಜ ಕೇಳಿ ಬಂದ ಹೆಣ್ಣುಮಕ್ಕಳನ್ನು, ಒಯ್ಯಬೇಡಿ, ನಿಮ್ಮ ಹೊಲವೂ ಹಾಳಾದೀತು ಅಂತ ವಾಪಸು ಕಳಿಸಿದಳಂತೆ. ಭಾವ ಹೇಳಿದ. ಕೇಳಿಕೊಂಡು ಚಹಾ ಕುಡಿದು ಬಂದೆ.

ನಾನು ಏಳನೆಯ ತರಗತಿಗೆ ಸಾಲೆ ಬಿಟ್ಟವನು. ಆದರೂ ಮೂವತ್ತೈದರಲ್ಲಿ ಒಂಬತ್ತು ಕಳೆಯಲು ಬರುತ್ತದೆ.

ನರ್ಸರಿಯಿಂದ ತೇರದಾಳ ಬಸ್ಸು ಹತ್ತಿದೆವು. ತೊಡೆಯ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಟ್ರೇ. ಜಮಖಂಡಿ ದಾಟುತ್ತಲೇ ಅಕ್ಕ, ಮನೆಯಲ್ಲಿ ಹಳೆಯ ಬೀಜ ಒಂದು ಹಿಡಿ ಉಳಿದಿದೆ, ಇವತ್ತು ಹೋದವಳೇ ಕೋಳಿಗೆ ಚೆಲ್ಲಿಬಿಡುತ್ತೇನೆ ಅಂದಳು. ಬೇಜಾರಿನಿಂದಲ್ಲ, ಹಳೆಯ ಕ್ಯಾಲೆಂಡರ್ ತೆಗೆಯುತ್ತೇನೆ ಅನ್ನುವ ಹಾಗೆ.

ಇನ್ನು ಬಾಯಿ ಮುಚ್ಚಿಕೊಂಡರೆ ಅವಳ ಅತ್ತೆಯ ಕಾಲದಿಂದ ಬಂದದ್ದು ಸಂಜೆಯೊಳಗೆ ಕೋಳಿಯ ಹೊಟ್ಟೆಯಲ್ಲಿ. ಹೇಳಿದೆ. ಬೀಮು, ಕರೆಂಟು, ಮೊಳೆ, ಯೂರಿಯಾ, ಎಲ್ಲ. ಅವಳ ಮುಖ ನೋಡದೆ, ಟ್ರೇ ನೋಡಿಕೊಂಡು ಹೇಳಿದೆ.

"ಎಷ್ಟ ದಿನಾ?" ಅಂದಳು.

"ಒಂಬತ್ತ."

ಬೆರಳು ಮಡಚಿದಳು. "ಅಂದ್ರ ಇಪ್ಪತ್ತಾರ ದಿನದ ಕೂಸುಗಳನ್ನ ಮಳಿಯಾಗ ನಿಂದರಿಸಿದ್ನೇನ ನಾ?"

ಟ್ರೇಯಲ್ಲಿ ವಾಲಿದ್ದ ಒಂದು ಸಸಿಯನ್ನು ನೆಟ್ಟಗೆ ಮಾಡಿದಳು.

"ತಡಾ ಆಗೇತಿ ಅಂತ ಒಂದ ಮಾತ ಹೇಳಿದ್ರ, ಆಳಿಗೆ ಹತ್ತ ದಿನಾ ಬಿಟ್ಟ ಬರ್ರಿ ಅಂತಿದ್ದೆ. ಅಷ್ಟ ಇತ್ತಲ್ಲಲೇ ಅದು." ಧ್ವನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಹಗುರಾಗುತ್ತಿತ್ತು. "ಒಂದ ವರ್ಷ ಬೀಜಕ್ಕ ಬೈದೆನಲ್ಲೋ ನಾ."

ಬನಹಟ್ಟಿಯಲ್ಲಿ ನಾನು ಇಳಿಯುವಾಗ ಅವಳು ನನ್ನ ತೊಡೆಯ ಟ್ರೇ ಎತ್ತಿಕೊಂಡಳು. ಬರ್ತೀನಿ ಅಂದೆ. ಅವಳು ಕಿಟಕಿಯ ಕಡೆ ಸರಿದು ಕೂತಳು.

ಎಂಟು ದಿನ ಫೋನಿಲ್ಲ. ಒಂಬತ್ತನೆಯ ದಿನ ಬಂತು. ಇಪ್ಪತ್ತು ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟಿದ್ದಳಂತೆ. ಹದಿನೇಳು ಮೊಳೆತಿವೆ ಅಂದಳು. ಬೀಜ ಕೇಳಿ ಬಂದು ಬರಿಗೈಲಿ ಹೋದವರ ಮನೆಮನೆಗೆ ಹೋಗಿ, ಬೀಜ ಗಟ್ಟಿಯಿದೆ ಅಂತ ಹೇಳಿ ಬಂದಿದ್ದಾಳೆ. ಹಾಗಾದರೆ ಹೋದ ವರ್ಷ ಬೆಳೆ ಯಾಕೆ ಕೆಟ್ಟಿತ್ತು ಎಂದು ಕೇಳಿದವರಿಗೆ ನನ್ನ ಹೆಸರು ಹೇಳಿಲ್ಲ. ಅದಕ್ಕೇ ಇಲ್ಲಿ ನಾನೇ ಹೇಳುತ್ತಿದ್ದೇನೆ.

ಮೊನ್ನೆ ಭಾವನ ಕೈಲಿ ಒಂದು ಸಣ್ಣ ಗಂಟು ಬಂತು. ಹಿಂದೆಯೇ ಫೋನು. ಆಶ್ಲೇಷ ಮಳೆಗೆ ಹಚ್ಚುವುದಂತೆ, ಹಿಂದಕ್ಕೆ ಎಣಿಸಿದರೆ ಅವತ್ತೇ ಹಾಕಬೇಕಂತೆ. "ಈ ಸಲಾ ಬೀಮ್ ನೋಡಬ್ಯಾಡ, ಹೊತ್ತ ನೋಡು," ಅಂದಳು. ಓಡುವ ಮಗ್ಗ ನಿಲ್ಲಿಸಿ ಹಿತ್ತಲಕ್ಕೆ ಹೋದೆ.

ನಿಮ್ಮ ಮನೆಯಲ್ಲೂ ಯಾರಾದರೂ, ನೀವು ಮಾಡಿದ ತಪ್ಪಿಗೆ, ತಮ್ಮ ಬೀಜವನ್ನೇ ಬೈದುಕೊಳ್ಳುತ್ತ ಕೂತಿದ್ದಾರೆಯೇ?