ಕನಕಮ್ಮ ಊರು ಆರಿಸಿದ್ದು

ಗುಡೇಕೋಟೆಯ ಹಾಸ್ಟೆಲಿನಲ್ಲಿ ಹದಿನೆಂಟು ವರ್ಷ ಅಡುಗೆ ಮಾಡಿದ ಕನಕಮ್ಮನಿಗೆ ಅರವತ್ತು ಹುಡುಗರಿಗೆ ಒಂದೇ ಸಲ ಮುದ್ದೆ ತಿರುವುವುದು ಗೊತ್ತಿತ್ತು. ಬಾಡಿಗೆ ಮನೆ ಹುಡುಕುವುದು ಗೊತ್ತಿರಲಿಲ್ಲ. ಹುಟ್ಟಿದ ಕೇರಿಯಲ್ಲೇ ಮದುವೆಯಾಗಿ, ಅಲ್ಲೇ ಸಂಸಾರ ಮಾಡಿದವಳು. ಗಂಡ ಗಾದಿಲಿಂಗಪ್ಪ ದಲಿತ ಸಂಘಟನೆಯ ಸಭೆಗಳಿಗೆ ಓಡಾಡುತ್ತಿದ್ದ ಉಮೇದಿನಲ್ಲಿ ಮಗನಿಗೆ ಕ್ರಾಂತಿಕುಮಾರ್ ಎಂದು ಹೆಸರಿಟ್ಟು, ಆ ಮಗ ಎಸ್ಸೆಸ್ಸೆಲ್ಸಿ ದಾಟುವ ಮೊದಲೇ ತೀರಿಕೊಂಡಿದ್ದ. ಮಗ ಓದಿ ಕೂಡ್ಲಿಗಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾದ. 1999ರ ಬೇಸಿಗೆಯಲ್ಲಿ ಸೊಸೆ ಪ್ರಿಯಾಳಿಗೂ ನರ್ಸ್ ನೌಕರಿಯ ಆದೇಶ ಬಂತು. ಮನೆಯಲ್ಲಿ ಪೇಡೆ ಹಂಚಿ ಮುಗಿಯುವ ಹೊತ್ತಿಗೆ ಗೊತ್ತಾಯಿತು, ಆಸ್ಪತ್ರೆ ಇರುವುದು ಹಡಗಲಿಯಲ್ಲಿ.

ಗಂಡ ಒಂದು ದಿಕ್ಕು, ಹೆಂಡತಿ ಇನ್ನೊಂದು ದಿಕ್ಕು, ನಡುವೆ ಎರಡು ವರ್ಷದ ಮಗಳು. ನಡುಮಧ್ಯದ ಒಂದು ಊರಲ್ಲಿ ಮನೆ ಮಾಡುವುದೆಂದಾಯಿತು. ಕ್ರಾಂತಿಕುಮಾರ್ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಊರು, ರಸ್ತೆ ಎಲ್ಲ ಗೀಚಿಕೊಂಡು ಕೂತ.

"ಕೊಟ್ಟೂರಾದ್ರ ಕೂಡ್ಲಿಗಿಗೆ ಹತ್ರ ಆಗತೈತಿ," ಎಂದ.

"ನಿಮಗ ಹತ್ರ. ನನಗ? ಹರಪನಹಳ್ಳ್ಯಾಗ ಒಳ್ಳೊಳ್ಳೆ ಸಾಲಿ ಅದಾವ, ನಾಳೆ ಮಗೀಗೆ ಬೇಕಾಗತಾವ," ಎಂದಳು ಪ್ರಿಯಾ.

ಮೂಲೆಯಲ್ಲಿ ಶೇಂಗಾ ಸುಲಿಯುತ್ತಿದ್ದ ಕನಕಮ್ಮ ಬಹಳ ಹೊತ್ತು ಕೇಳಿಸಿಕೊಂಡಳು. ಆಮೇಲೆ ಮೊರ ಪಕ್ಕಕ್ಕಿಟ್ಟಳು.

"ಅಲ್ಲಲೇ ಕ್ರಾಂತಿ, ನೀವಿಬ್ರೂ ಬೆಳಿಗ್ಗೆ ಬಸ್ ಹತ್ತಿದ್ರ ಸಂಜಿಗೆ ಇಳಿಯೋರು. ಹಗಲೆಲ್ಲಾ ಆ ಊರಾಗ ಇರಾಕಿ ಯಾರು?"

"ನೀನಽ ಯವ್ವಾ."

"ಮತ್ತ ನನ್ನ ಯಾಕ ಯಾರೂ ಕೇಳವಲ್ರಿ?"

ಕ್ರಾಂತಿಕುಮಾರ್ ಕ್ಯಾಲೆಂಡರನ್ನು ತಾಯಿಯ ಮುಂದೆ ಸರಿಸಿದ. ಅಂದಿನಿಂದ ಊರು ನೋಡುವ ಯಜಮಾನಿಕೆ ಕನಕಮ್ಮನದಾಯಿತು. ಭಾನುವಾರ ಹೋಗೋಣ ಎಂದ ಮಗನಿಗೆ, "ರಜಾ ದಿನ ಎಲ್ಲಾ ಊರೂ ಆರಾಮ ಕಾಣ್ತಾವ, ಸೋಮವಾರ ನೋಡಬೇಕು," ಎಂದಳು. ನೌಕರಿಗೆ ಹೋಗುವ ಹೊತ್ತಿಗೇ, ನೌಕರಿಗೆ ಹೋಗುವ ಬಸ್ಸಿನಲ್ಲೇ ಹೋಗಿ ನೋಡಬೇಕೆಂಬುದು ಅವಳ ಕಟ್ಟಪ್ಪಣೆ.

ಕೊಟ್ಟೂರಿನಲ್ಲಿ ಮನೆಯೇನೋ ಚೆಂದ ಸಿಕ್ಕಿತು. ಆದರೆ ಹಡಗಲಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಎಷ್ಟು ಜನ ಇದ್ದರೆಂದರೆ, ಪ್ರಿಯಾ ಹಡಗಲಿಯಲ್ಲಿ ಇಳಿದಾಗ ಕಾಲಲ್ಲಿ ಒಂದೇ ಚಪ್ಪಲಿ ಇತ್ತು. ಹರಪನಹಳ್ಳಿಯ ಸರದಿಯಲ್ಲಿ ಕ್ರಾಂತಿಕುಮಾರ್ ಎರಡು ಬಸ್ಸು ಬದಲಿಸಿ ಕಚೇರಿ ಮುಟ್ಟಿದ. ಹಾಜರಿ ಸಹಿ ಹಾಕಿದ ಕೂಡಲೇ ಕುರ್ಚಿಯಲ್ಲಿ ನಿದ್ದೆಹೋದನಂತೆ. ಅದನ್ನು ಅವನೇ ಬಂದು ಹೇಳಿದಾಗ ಅತ್ತೆ ಸೊಸೆ ಬಿದ್ದು ಬಿದ್ದು ನಕ್ಕರು.

ಉಳಿದದ್ದು ಹಗರಿಬೊಮ್ಮನಹಳ್ಳಿ. ಎರಡೂ ಕಡೆಗೆ ಬಸ್ಸು ಸಲೀಸು. ಬಸ್‌ಸ್ಟ್ಯಾಂಡಿನ ಹತ್ತಿರವೇ ಒಂದು ಮನೆ ಖಾಲಿ ಇತ್ತು. ನಲ್ಲಿ ಇತ್ತು, ಅಂಗಳ ಇತ್ತು. ಮನೆಯೊಡತಿ ಪ್ರಿಯಾಳ ನೌಕರಿಯ ಬಗ್ಗೆ ಕೇಳಿ ಸಂತೋಷಪಟ್ಟಳು, ಮಗುವಿನ ಗಲ್ಲ ಹಿಂಡಿದಳು. ಕೊನೆಗೆ ಕೇಳಿದಳು, "ನೀವು ಯಾವ ಮಂದಿ?"

"ನಾವು ಎಸ್ಸಿ ಮಂದೀರಿ," ಎಂದಳು ಕನಕಮ್ಮ.

ಮನೆಯೊಡತಿಗೆ ಒಮ್ಮೆಲೇ ನೆನಪಾಯಿತು, ಈ ಮನೆಯನ್ನು ಕೊಡುವುದಾಗಿ ನಿನ್ನೆಯೇ ಯಾರಿಗೋ ಮಾತು ಕೊಟ್ಟದ್ದು.

ಬೀದಿಗೆ ಬಂದ ಮೇಲೆ ಕ್ರಾಂತಿಕುಮಾರ್ ಕಿವಿಯವರೆಗೂ ಕೆಂಪಾಗಿದ್ದ. "ಇನ್ನೊಂದು ಕಡೆ ನೌಕರಿದಾರರು ಅಂತ ಅಷ್ಟಽ ಹೇಳಿ ಬಿಡೋಣ ಯವ್ವಾ. ಮುಂದಿಂದು ಮುಂದ."

"ನೀ ಹೇಳ್ತಿ, ಹೇಳಿ ಕೂಡ್ಲಿಗಿಗೆ ಹೋಗ್ತಿ. ಮುಚ್ಚಿಟ್ಟು ಹೊಕ್ಕ ಮನ್ಯಾಗ ಹಗಲೆಲ್ಲಾ ಗ್ವಾಡಿಗೆ ಅಂಜಿಕೆಂಡು ಕುಂದ್ರಾಕಿ ನಾನು. ನನ್ನ ಕೈಲಿ ಆಗಂಗಿಲ್ಲ." ಅವಳ ದನಿ ಗಟ್ಟಿಯಾಗಿಯೇ ಇತ್ತು, ಆದರೆ ಸೆರಗಿನಿಂದ ಎರಡು ಸಲ ಮುಖ ಒರೆಸಿಕೊಂಡಳು. ಪ್ರಿಯಾ ಅತ್ತೆಯ ಕೈಯಿಂದ ಚೀಲ ತೆಗೆದುಕೊಂಡಳು.

ಬಸ್‌ಸ್ಟ್ಯಾಂಡಿಗೆ ಮರಳಿದಾಗ ಮಗು ಹಸಿವೆಯಿಂದ ರಂಪ ಮಾಡುತ್ತಿತ್ತು. ಅಲ್ಲೇ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾಡಿ ಮಾರುತ್ತಿದ್ದ ಜಂಬಕ್ಕ ಎಂಬ ದಪ್ಪನೆಯ ಹೆಂಗಸು, ಖಾರವಿಲ್ಲದ ಒಂದು ಹಿಡಿ ಮಂಡಕ್ಕಿಯನ್ನು ಮಗುವಿನ ಮುಂದೆ ಹಾಕಿ, "ಯಾವೂರು ನಿಮ್ದು?" ಎಂದು ಮಾತಿಗೆಳೆದಳು. ಮನೆ ಹುಡುಕಲು ಬಂದದ್ದೆಂದು ತಿಳಿದ ಮೇಲೆ ಬಜ್ಜಿ ತಿರುವುತ್ತಿದ್ದ ಜಾಲರಿ ಸೌಟು ನಿಂತಿತು.

"ನನ್ನ ಮನಿ ಹಿಂದ ಎರಡು ಖೋಲಿ ಖಾಲಿ ಅದಾವ. ತಗಡಿನ ಮನಿ. ಆದ್ರ ಎಲ್ಲಾರಿಗೂ ಕೊಡಂಗಿಲ್ಲ ನಾನು."

ಕನಕಮ್ಮ ಈ ಸಲ ಕೇಳುವವರೆಗೂ ಕಾಯಲಿಲ್ಲ. ತಾವು ಯಾರೆಂದು ತಾನೇ ಹೇಳಿಬಿಟ್ಟಳು.

"ಅದನ್ನ ಯಾರು ಕೇಳಿದ್ರು?" ಎಂದಳು ಜಂಬಕ್ಕ. "ನಮ್ಮಪ್ಪ ನಮ್ಮವ್ವ ಮುಳುಗಡಿ ಮಂದಿ. ಹಂಪಸಾಗರದ ಕಡಿ ಹೊಲ ಮನಿ ಡ್ಯಾಮಿನ ನೀರಾಗ ಬಿಟ್ಟು, ಗಂಟು ಹೊತ್ಕೊಂಡು ಬಂದೋರು. ಬಂದ ಮಂದಿಗೆ ಬಾಗಿಲಾಗ ನಿಂದ್ರಿಸಿ ಏನೇನು ಕೇಳ್ತಾರ ಅಂತ ನಮ್ಮವ್ವ ಸಾಯೋತನಕ ಹೇಳ್ತಿದ್ಲು. ನಾ ಕೇಳೋದು ಬ್ಯಾರೆ ಐತಿ. ಇಬ್ರು ಮಾಸ್ತರು ಬಂದು ಕೇಳಿದ್ರು, ಒಲ್ಲೆ ಅಂದೆ. ಬೆಳಿಗ್ಗೆ ಕೀಲಿ ಹಾಕ್ಕೆಂಡು ಹೋದ್ರ ಸಂಜಿಗೇ ಬರೋದು! ನಾನೂ ಹಗಲೆಲ್ಲಾ ಇಲ್ಲೇ ಇರಾಕಿ. ಒಣಾಕ ಹಾಕಿದ ಸಂಡಿಗಿ ಆಡು ತಿಂದು ಹೊಕ್ಕಾವ, ಎಮ್ಮಿ ಹಗ್ಗ ಹರಕೊಂಡು ಪ್ಯಾಟಿಗೆ ಬರತೈತಿ. ನಿಮ್ಮಾಗ ಹಗಲೊತ್ತು ಮನ್ಯಾಗ ಯಾರಿರ್ತೀರಿ?"

ಮಗ, ಸೊಸೆ ಇಬ್ಬರೂ ಕನಕಮ್ಮನ ಕಡೆ ನೋಡಿದರು.

"ನಾನಿರ್ತೀನ್ರಿ," ಎಂದಳು ಕನಕಮ್ಮ. "ಆಡು ಏನು, ಅರವತ್ತು ಹುಡುಗ್ರನ್ನ ಅಡಿಗಿಮನಿ ಬಾಗಿಲಾಗ ತಡದಾಕಿ ನಾನು."

ಜೂನ್ ತಿಂಗಳ ಮೊದಲ ವಾರ ಟ್ರಾಕ್ಟರಿನಲ್ಲಿ ಸಾಮಾನು ಬಂತು. ಬೆಳಿಗ್ಗೆ ಮಗ ಕೂಡ್ಲಿಗಿ ಬಸ್ಸಿಗೆ, ಸೊಸೆ ಹಡಗಲಿ ಬಸ್ಸಿಗೆ ಓಡುವರು. ಕನಕಮ್ಮ ಮೊಮ್ಮಗಳನ್ನು ಸೊಂಟದಲ್ಲಿಟ್ಟುಕೊಂಡು ಇಬ್ಬರಿಗೂ ಕೈಬೀಸುವಳು. ಮೊದಲ ತಿಂಗಳು ಓಣಿಯ ಕೆಲವರು ಅವಳ ಕೈಯ ನೀರು ಮುಟ್ಟಲಿಲ್ಲ. ಅವಳು ಅದನ್ನು ನೋಡಿದಳು, ನೋಡಿಯೂ ತನ್ನ ಕೆಲಸ ಮಾಡಿಕೊಂಡು ಹೋದಳು. ಜಂಬಕ್ಕ ಮಾತ್ರ ದಿನಾ ಮಧ್ಯಾಹ್ನ ಬಂದು ಅವಳ ಒಲೆಯ ಮುಂದೆಯೇ ಕೂತು ಊಟ ಮಾಡುತ್ತಿದ್ದಳು, ಅದೂ ಬಾಗಿಲು ಪೂರ್ತಿ ತೆರೆದಿಟ್ಟು.

ಒಂದು ದಿನ ಎದುರು ಮನೆಯ ಟೀಚರ್ ಸುಮಲತಾ ಅಳುವ ಮಗನನ್ನು ಎತ್ತಿಕೊಂಡು ಓಡಿ ಬಂದಳು. ಅವಳದು ಮಾಗಳದ ಶಾಲೆ. ಮಗನನ್ನು ನೋಡಿಕೊಳ್ಳುತ್ತಿದ್ದ ಅವಳ ತಾಯಿ ಊರಿಗೆ ಹೋಗಿದ್ದಳು, ಬಸ್ಸು ಹಾರನ್ ಹೊಡೆಯುತ್ತಿತ್ತು.

"ಅಮ್ಮಾ, ಇವತ್ತೊಂದು ದಿನ..."

"ಕೊಡ್ರಿ ಇತ್ಲಾಗ, ಬಸ್ ಹೊಕ್ಕತಿ ಓಡ್ರಿ," ಎಂದು ಕನಕಮ್ಮ ಹುಡುಗನನ್ನು ಸೊಂಟದ ಇನ್ನೊಂದು ಮಗ್ಗುಲಿಗೆ ಹಾಕಿಕೊಂಡಳು.

ಸಂಜೆ ಸುಮಲತಾ ಬಂದಾಗ ಮಗ ಕನಕಮ್ಮನ ತಟ್ಟೆಯಲ್ಲೇ ಮುದ್ದೆ ಉಣ್ಣುತ್ತಿದ್ದ, ಮನೆಗೆ ಬರಲೊಲ್ಲೆ ಎಂದು ಕಾಲು ಬಡಿದ. ಅವಳು ಒಂದು ಕ್ಷಣ ನಿಂತಳು. ಆಮೇಲೆ ತಾನೂ ಕೂತು, "ನನಗೂ ಸ್ವಲ್ಪ ಸಾರು ಹಾಕ್ರಿ," ಎಂದಳು.

ಆ ಒಂದು ದಿನ ಮುಗಿಯಲೇ ಇಲ್ಲ. ಬಸ್ಸು ಹಿಡಿಯುವ ತಾಯಂದಿರು ಊರಲ್ಲಿ ಬೇಕಾದಷ್ಟು ಜನ ಇದ್ದರು. ಎರಡು ವರ್ಷದಲ್ಲಿ ತಗಡಿನ ಮನೆಯ ಅಂಗಳದಲ್ಲಿ ಒಂಬತ್ತು ಮಕ್ಕಳಾದವು. ಕನಕಮ್ಮ ಬೋರ್ಡು ಹಾಕಲಿಲ್ಲ. ಜನ ತಾವೇ ಆ ಓಣಿಗೆ ಕನಕಮ್ಮನ ಓಣಿ ಎನ್ನತೊಡಗಿದರು. ಅಲ್ಲೇ ಮೂವತ್ತು ವರ್ಷದಿಂದ ಇದ್ದ ಜಂಬಕ್ಕನಿಗೆ ಇದರಿಂದ ಸ್ವಲ್ಪ ಮುನಿಸು ಬಂದು, ಎರಡು ದಿನ ಊಟಕ್ಕೆ ಬರಲಿಲ್ಲ. ಮೂರನೆಯ ದಿನ ಬಂದಳು.

2005ರಲ್ಲಿ ಕ್ರಾಂತಿಕುಮಾರನಿಗೆ ಹಗರಿಬೊಮ್ಮನಹಳ್ಳಿಗೇ ವರ್ಗವಾಯಿತು. ಮೊದಲ ದಿನ ನಡೆದೇ ಕಚೇರಿಗೆ ಹೋಗಿ, ಹೊತ್ತು ಮುಳುಗುವ ಮೊದಲೇ ಮನೆಗೆ ಬಂದ. ಇಷ್ಟು ಹೊತ್ತನ್ನು ಏನು ಮಾಡುವುದೆಂದು ತಿಳಿಯದೆ ಕಟ್ಟೆಯ ಮೇಲೆ ಸುಮ್ಮನೆ ಕೂತ.

"ಖಾಲಿ ಕುಂತೀಯೇನು? ಬಾ ಇಲ್ಲಿ," ಎಂದಳು ಕನಕಮ್ಮ. "ಅವರವ್ವಂದಿರ ಬಸ್ ಬರೋ ಹೊತ್ತಾತು. ಈ ಹುಡುಗ್ರ ಕೈಕಾಲು ಮಾರಿ ತೊಳಿ."

ಗುಮಾಸ್ತರು ಪ್ಯಾಂಟು ಮಡಚಿಕೊಂಡು ಎದ್ದರು.