ಮೂರು ಮೂಟೆ ಜಾಲಿ ಕಾಯಿ

1994ರಲ್ಲಿ, ಏಳನೇ ಕ್ಲಾಸಿನ ನಡುವೆ, ನನ್ನ ಓದು ನಿಂತಿತು. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಹಾಲು ಕರೆದು ಯಡಿಯೂರಿನ ಮನೆಮನೆಗೆ ಹಾಕಿ ಬರುವಷ್ಟರಲ್ಲಿ ಮೊದಲ ಪೀರಿಯಡ್ ಮುಗಿದಿರುತ್ತಿತ್ತು. ಅಂದಿನಿಂದ ಹಸುವಿನ ವಿಷಯದಲ್ಲಿ ನಾನು ಯಾರಿಂದಲೂ ಹೇಳಿಸಿಕೊಂಡವನಲ್ಲ. ಅದಕ್ಕೇ ಹೋದ ವರ್ಷ ನಡೆದದ್ದು ಇನ್ನೂ ತಲೆಗೆ ಹತ್ತುತ್ತಿಲ್ಲ.

ನನ್ನ ಕೊಟ್ಟಿಗೆ ಈಗ ಬನಶಂಕರಿಯ ಆಚೆ, ಲೇಔಟಿನ ಕೊನೆಯಲ್ಲಿದೆ. ಪಕ್ಕದ ಎರಡು ಎಕರೆ ಖಾಲಿ ಜಾಗ ಒಬ್ಬ ಯಜಮಾನರದು. ಮೊದಲು ಅಲ್ಲಿ ರಾಗಿ ಬೆಳೆಯುತ್ತಿದ್ದರು, ಈಗ ಬಾಡಿಗೆ ಮನೆಗಳ ಓನರು. ಹಸು ಮೇಯಿಸಿಕೊಳ್ಳಲು ಬಿಟ್ಟಿದ್ದರು. ಷರತ್ತು ಒಂದೇ.

"ಜಾಲಿ ಬೆಳೀದಂಗೆ ನೋಡ್ಕೊಳಪ್ಪ. ಪೊದೆ ಆಗಿ ಹಾವು ಬಂತು ಅಂತ ಯಾರಾದ್ರೂ ಕಂಪ್ಲೇಂಟ್ ಕೊಟ್ರೆ, ಮಾರನೇ ದಿನಾನೇ ಲಾರಿ ನಿಲ್ಸೋಕೆ ಕೊಟ್ಬಿಡ್ತೀನಿ."

ಜಾಗ ಹೋದರೆ ಹಸುಗಳನ್ನು ಮಾರಬೇಕು. ಹಾಗಾಗಿ ಬೇಸಿಗೆಯಲ್ಲಿ ಮೂಲೆಯಿಂದ ನುಗ್ಗುತ್ತಿದ್ದ ಬಳ್ಳಾರಿ ಜಾಲಿಯನ್ನು ಮಚ್ಚಿನಿಂದ ಕಡಿದು, ಹಾರೆ ಹಾಕಿ ಬೇರು ಎಬ್ಬಿಸಿದೆ. ಇಪ್ಪತ್ತು ದಿನ. ಒಂದು ಬುಡವನ್ನೂ ಉಳಿಸಲಿಲ್ಲ.

ಮಳೆ ಬಿತ್ತು. ಹುಲ್ಲಿನ ಜೊತೆ ಜಾಲಿಯೂ ಎದ್ದಿತು. ಅಗೆದ ಕಡೆ ಅಲ್ಲ, ಮೊದಲಿನಿಂದ ಚೊಕ್ಕವಾಗಿದ್ದ ಕಡೆ, ಹತ್ತು ಹದಿನೈದು ಸಸಿ ಒಂದೇ ಗುಂಪಾಗಿ. ಕಿತ್ತರೆ ಮುಂದಿನ ವಾರ ಇನ್ನೊಂದು ಕಡೆ. ಯಾರೋ ಬಿತ್ತುತ್ತಿದ್ದಾರೆ ಎಂದುಕೊಂಡೆ. ಗೇಟಿನ ಎದುರಿನ ಪಂಚರ್ ಅಂಗಡಿಯವನ ಮೇಲೆ ಕಣ್ಣು ಹೋಯಿತು.

"ಲಾರಿ ನಿಂತ್ರೆ ನಿನ್ಗೆ ಲಾಭ ಅಂತ ಬೀಜ ಎರಚ್ತಾ ಇದೀಯಾ?" ಎಂದು ಜಗಳಕ್ಕೇ ಹೋದೆ.

ಅವನು ಟ್ಯೂಬನ್ನು ನೀರಿಗೆ ಅದ್ದುತ್ತಾ ನಕ್ಕ. "ಮುಳ್ಳು ಬೆಳೆದ್ರೂ ನನ್ಗೆ ಲಾಭಾನೇ ಅಣ್ಣ, ಪಂಚರ್ ಆಗುತ್ತೆ. ಆದ್ರೆ ಬಿತ್ತೋವಷ್ಟು ಪುರುಸೊತ್ತು ಎಲ್ಲೈತೆ ಗುರು?"

ಅವನೇ ಎಂದು ಗಟ್ಟಿಯಾಯಿತು. ನೇರ ಹೋಗಿ ಯಜಮಾನರಿಗೆ ಹೇಳಿಬಿಟ್ಟೆ. "ಆಯುಧಪೂಜೆ ದಿನ ಬಂದು ನೋಡ್ತೀನಿ," ಎಂದರು.

ಹಬ್ಬಕ್ಕೆ ನಾಲ್ಕು ದಿನ ಇರುವಾಗ ಆ ಪಂಚರ್‌ನವನೇ ನನ್ನನ್ನು ಕರೆದ. "ಸಿಟ್ಟಾಗ್ಬೇಡಿ ಅಣ್ಣ. ಸಸಿ ಎಲ್ಲಿ ಹುಟ್ಟೈತೆ, ಸ್ವಲ್ಪ ಬಗ್ಗಿ ನೋಡಿ."

ಬಗ್ಗಿದೆ. ಸಸಿಗಳ ಕೆಳಗೆ ಒಣಗಿದ ಸಗಣಿ. ಮುರಿದರೆ ಒಳಗೆ ಇಡಿಯಾಗಿಯೇ ಉಳಿದ ಜಾಲಿ ಬೀಜ.

ಬೇಸಿಗೆಯಲ್ಲಿ ಹುಲ್ಲು ಒಣಗಿದಾಗ ರೈಲ್ವೆ ಹಳಿ ಪಕ್ಕದ ಮರಗಳಿಂದ ಜಾಲಿ ಕಾಯಿ ಆರಿಸಿ, ಮೂಟೆಗಟ್ಟಲೆ ತಂದು ಹಾಕಿದ್ದೆ. ಹಳದಿ ಕಾಯಿ, ಸಿಹಿ. ಹಸುಗಳು ಬೆಲ್ಲದ ಹಾಗೆ ತಿಂದವು, ಹಾಲೂ ಜಾಸ್ತಿಯಾಯಿತು. ಇದು ನನ್ನ ಐಡಿಯಾ ಎಂದು ಕಂಡವರಿಗೆಲ್ಲ ಹೇಳಿಕೊಂಡಿದ್ದೆ. ಹಾಗಾದರೆ ಬೆಳಿಗ್ಗೆ ಕಿತ್ತಿದ್ದನ್ನು ಸಂಜೆ ನಾನೇ ಬಿತ್ತುತ್ತಿದ್ದೆನೇ? ಹಸು ಒಮ್ಮೆ ಅಗಿಯುತ್ತದೆ, ಮಲಗಿ ಮತ್ತೆ ಮೆಲುಕು ಹಾಕುತ್ತದೆ. ಅಷ್ಟಾದ ಮೇಲೂ ಬೀಜ ಹೇಗೆ ಉಳಿಯಿತು? ನನಗೆ ಗೊತ್ತಿಲ್ಲದ್ದು ಹಸುವಿನ ಹೊಟ್ಟೆಯಲ್ಲೇ ಇತ್ತೇ?

ಆಯುಧಪೂಜೆಯ ದಿನ ಯಜಮಾನರು ಬಂದರು. "ಬಿತ್ತಿದ್ದು ಅವನೇ ತಾನೆ?" ಎಂದು ಎದುರಿನ ಅಂಗಡಿ ಕಡೆ ಬೆರಳು ತೋರಿಸಿದರು. ಅವನು ಗಾಳಿ ಮಿಷಿನ್ನಿಗೆ ಕುಂಕುಮ ಇಡುತ್ತಾ ನನ್ನನ್ನೇ ನೋಡುತ್ತಿದ್ದ.

"ಅವನಲ್ಲ ಯಜಮಾನ್ರೇ. ನಾನೇ. ಕಾಯಿ ತಿನ್ಸಿದ್ದು ನಾನೇ."

"ಏನಯ್ಯ ನೀನು! ನೀನೇ ಬಿತ್ತಿ ನೀನೇ ಕೀಳ್ತಿದ್ಯಾ?" ನಗಬೇಕೋ ಬೈಯಬೇಕೋ ಅವರಿಗೂ ತಿಳಿಯಲಿಲ್ಲ. ಜಾಗ ಪೂರ್ತಿ ಸುತ್ತಿ ಬಂದು ಹೇಳಿದರು: "ನಿಜ ಹೇಳಿದ್ದಕ್ಕೆ ಅರ್ಧ ನಿನ್ಗೆ. ಇನ್ನರ್ಧ ಲಾರಿಗೆ."

ಎರಡು ಹಸು ಮಾರಿದೆ. ಉಳಿದ ಕಾಯಿಯನ್ನು ಹೆಂಡತಿ ಸುಟ್ಟುಹಾಕು ಎನ್ನುತ್ತಾಳೆ. ಪಂಚರ್‌ನವನು ಬೀಜ ಪುಡಿಯಾಗುವ ಹಾಗೆ ಮಿಲ್ಲಿನಲ್ಲಿ ಬೀಸಿಸು ಎನ್ನುತ್ತಾನೆ. ಹಾಕದಿದ್ದರೆ ಬೇಸಿಗೆಯಲ್ಲಿ ಹಾಲು ಇಳಿಯುತ್ತದೆ, ಹಾಕಿದರೆ ಜಾಲಿ ಏಳುತ್ತದೆ. ಯಾವುದು ಸರಿಯೋ ತಿಳಿಯುತ್ತಿಲ್ಲ.

ಈಗ ನನ್ನ ಬಳಿ ಇರುವುದು ಹಸು ನಾಲ್ಕು, ಕರು ಒಂದು, ಮೇಯಲು ಒಂದು ಎಕರೆ, ಮಚ್ಚು ಒಂದು, ಹಾರೆ ಒಂದು, ಕೊಟ್ಟಿಗೆಯ ಅಟ್ಟದ ಮೇಲೆ ಜಾಲಿ ಕಾಯಿಯ ಮೂಟೆ ಮೂರು.