ಬಳೆ ಕಾಯುವವಳ ಹಾಜರಿ

1961ರ ಆಗಸ್ಟ್ 4, ಮಧುಗಿರಿ. ಈ ದಿನಾಂಕವನ್ನು ನಾನು ಓದಿದ ಹೆಣ್ಣುಮಕ್ಕಳ ಶಾಲೆಯ ಡ್ರಿಲ್ ಹಾಜರಿ ಪುಸ್ತಕ ನೋಡಿ ಖಚಿತಪಡಿಸಿಕೊಂಡಿದ್ದೇನೆ.

ಅಂದು ಖೊಖೊ ಆಟಕ್ಕೆ ಮೊದಲು ನಾವೆಲ್ಲ ಗಾಜಿನ ಬಳೆ ಕಳಚಿ, ಎಂದಿನಂತೆ, ತರಗತಿಯಲ್ಲೇ ಅತಿ ದಪ್ಪಗಿದ್ದ ಗೌರಮ್ಮನ ಮಡಿಲಿಗೆ ಹಾಕಿದೆವು. ಆಟದ ಹೊತ್ತಿನಲ್ಲಿ ಕೂತು ಬಳೆ ಕಾಯುವುದು ಅವಳ ಕೆಲಸವೆಂದು ಡ್ರಿಲ್ ಟೀಚರ್ ಆ ವರ್ಷ ಶಾಲೆ ಶುರುವಾದಾಗಲೇ ಗೊತ್ತುಮಾಡಿದ್ದರು. ಆ ದಿನ ಅವಳು ಎದ್ದು, ಅಷ್ಟೂ ಬಳೆಗಳನ್ನು ಟೀಚರ ಮೇಜಿನ ಮೇಲಿಟ್ಟಳು.

“ಇವತ್ತು ನೀವೇ ನೋಡ್ಕಳಿ ಟೀಚರ್. ನಾನೂ ಓಡ್ತೀನಿ.”

“ಕೂತ್ಕಳೇ ಸುಮ್ನೆ. ನೀನು ಓಡುದ್ರೆ ಬೆಟ್ಟದ ಮೇಲಿನ ಕೋಟೆ ಅಳ್ಳಾಡ್ತದೆ” ಎಂದರು ಟೀಚರ್.

ಆದರೂ ಅವಳು ಓಡಿದಳು. ಅರ್ಧ ಸುತ್ತಿಗೇ ಏದುಸಿರು ಬಂದು ಕುಸಿದಳು. ಟೀಚರ್ ಅವಳ ಕೈಹಿಡಿದು ನಿಧಾನವಾಗಿ ನಡೆಸಬಹುದಿತ್ತು. ನಾಳೆ ಇನ್ನೂ ನಾಲ್ಕು ಹೆಜ್ಜೆ ಹೆಚ್ಚು ಓಡು ಎನ್ನಬಹುದಿತ್ತು. ಬದಲಿಗೆ ಬಳೆಗಳನ್ನು ಮತ್ತೆ ಅವಳ ಮಡಿಲಿಗೆ ಸುರಿದರು. ಓಟ ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕಿತ್ತೋ ಅವಳನ್ನೇ ಕೂರಿಸಿದ ಆ ಶಿಕ್ಷಣವನ್ನು ನಾನು ಇಂದಿಗೂ ಕ್ಷಮಿಸಲಾರೆ. ಹಾಜರಿ ಪುಸ್ತಕದ ಪ್ರಕಾರ ಗೌರಮ್ಮ ಆ ವರ್ಷದ ಒಂದು ಡ್ರಿಲ್ ಪಿರಿಯಡ್ಡನ್ನೂ ತಪ್ಪಿಸಿಲ್ಲ.

ಅವಳು ಬಿದ್ದಾಗ ನಗದೆ ಓಡಿಹೋಗಿ ಎತ್ತಿದವಳು ನಾನೊಬ್ಬಳೇ ಎಂದು ಇಷ್ಟು ವರ್ಷ ನಂಬಿದ್ದೆ. ಪಾವಗಡದಲ್ಲಿದ್ದ ಅಕ್ಕನಿಗೆ ಅದೇ ವಾರ ನಾನು ಬರೆದ ಕಾಗದ ಈಚೆಗೆ ಸಿಕ್ಕಿತು. ನನ್ನದೇ ಕೈಬರಹದಲ್ಲಿ ಹೀಗಿದೆ: “ಗೌರಮ್ಮ ಬಿದ್ದಳು. ನಕ್ಕೂ ನಕ್ಕೂ ನನಗೆ ಹೊಟ್ಟೆನೋವು ಬಂತು.”